ಪಾಟಲಿಪುತ್ರದ ದಾರುಪ್ರಾಕಾರ: ಅದರ ಬಾಳಿಕೆಯೂ ರಕ್ಷಣೆಯೂ

ಮೌರ್ಯ ಚಂದ್ರಗುಪ್ತನ ರಾಜಧಾನಿಯಾದ ಪಾಟಲಿಪುತ್ರವನ್ನು ಸುತ್ತಿ ಮರದ ಕೋಟೆಯಿತ್ತೆಂದು ಯವನ ರಾಯಭಾರಿಯಾದ ಮೆಗಾಸ್ತನೀಸನು ಬರೆದಿರುವುದು ವಾಚಕರಿಗೆ ವಿದಿತವೇ ಇದೆ. ಕೋಟೆಯ ಗೋಡೆಯನ್ನು ಇಟ್ಟಿಗೆಯಿಂದಾಗಲಿ ಕಲ್ಲಿನಿಂದಾಗಲಿ ಕಟ್ಟಿಸತಕ್ಕದ್ದು, ಮರದಿಂದ ಮಾತ್ರ ಸರ್ವಥಾ ಕೂಡದು, ಮರವನ್ನು ಬೆಂಕಿಯು ಎಂದಿಗೂ ಬಿಟ್ಟಿರುವುದಿಲ್ಲ ಎಂದು ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ದುರ್ಗವಿಧಾನದಲ್ಲಿ ಹೇಳಿರುವುದೂ ವಿದಿತವೇ. ಒಬ್ಬನು ಚಂದ್ರಗುಪ್ತನ ಆಸ್ಥಾನವನ್ನು ಕಣ್ಣಾರೆ ಕಂಡವನು. ಇನ್ನೊಬ್ಬನು, ಪರಂಪರೆಯ ಮಾತನ್ನು ನಂಬುವುದಾದರೆ, ಆ ರಾಜನಿಗೇ ಮಂತ್ರಿಯಾಗಿದ್ದವನು. ಮಂತ್ರಿಯು ಕೂಡದೆಂದದ್ದು ಅವನ ಕಣ್ಣೆದುರಿನ ರಾಜಧಾನಿಯಲ್ಲಿಯೇ ಇತ್ತೆಂದರೆ ಏನು ಹೇಳಬೇಕು?

ಪಾಠಶಾಲೆಯಲ್ಲಿ ಅರ್ಥಶಾಸ್ತ್ರವನ್ನು ಪಾಠ ಹೇಳುತ್ತಿದ್ದಾಗ ನಾನು ಅನೇಕ ವರ್ಷಗಳ ಕಾಲ ಈ ಪ್ರಶ್ನೆಗೆ ಬಹು ಸುಲಭವಾದ ಸಮಾಧಾನವನ್ನು ಕೊಡುತ್ತಿದ್ದೆನು. ಶಾಸ್ತ್ರವು ನಿಷೇಧಿಸಿದ್ದನ್ನು ರಾಜಧಾನಿಯಲ್ಲಿ ಕಟ್ಟಿರಲಾರರು. ಚಿನ್ನವನ್ನು ಅಗೆಯುವ ಇರುವೆಗಳ ಕಥೆಯನ್ನು ನಂಬಿ ಬರೆದ ಪರದೇಶೀಯನು ಯಾವುದೋ ಬೇಲಿಯನ್ನು ಕೋಟೆಯೆಂದು ಭ್ರಮಿಸಿರಬೇಕು ಎಂಬುದೇ ಆ ಸಮಾಧಾನ. ಒಂದು ದಿನ ಬೇಸಾಯಗಾರರ ಮನೆಯಿಂದ ಬಂದ ವಿದ್ಯಾರ್ಥಿಯೊಬ್ಬನು, “ಗುರುಗಳೇ, ನಮ್ಮ ಹೊಲದ ಬೇಲಿಗೂಟ ಹತ್ತು ಮಳೆಗಾಲ ತಡೆದರೆ ಹೆಚ್ಚು. ಆ ಊರಿಗೆ ಮರದ ಕೋಟೆ ಇದ್ದದ್ದೇ ನಿಜವಾದರೂ ಈಗ ಅದನ್ನು ತೋರಿಸುವುದಕ್ಕೆ ಏನು ಉಳಿದಿದ್ದೀತು?” ಎಂದು ಕೇಳಿದನು. ಏನೂ ಉಳಿದಿರಲಾರದೆಂದು ಉತ್ತರ ಕೊಟ್ಟೆನು. ಆ ಉತ್ತರವು ತಪ್ಪೆಂಬುದು ಬಹುಕಾಲದ ಮೇಲೆ ಪ್ರಾಕ್ತನಶಾಸ್ತ್ರದ ವರದಿಗಳನ್ನು ಓದಿದಾಗ ತಿಳಿಯಿತು. ಅದನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಈ ಲೇಖನವನ್ನು ಬರೆದಿದೆ.

ಮೊದಲು ಯವನರ ಸಾಕ್ಷ್ಯ. ಮೆಗಾಸ್ತನೀಸನು ಸೆಲ್ಯೂಕಸ್ ರಾಜನ ಕಡೆಯಿಂದ ಕ್ರಿ. ಪೂ. ೩೦೦ರ ಸುಮಾರಿಗೆ ಬಂದವನು. ಅವನ ‘ಇಂಡಿಕಾ’ ಗ್ರಂಥವು ನಷ್ಟವಾಗಿ, ಸ್ಟ್ರಾಬೋ, ಅರಿಯನ್ ಮೊದಲಾದವರು ಎತ್ತಿಕೊಂಡ ಭಾಗಗಳು ಮಾತ್ರ ಉಳಿದಿವೆ. ಅವುಗಳ ಸಾರವಿಷ್ಟು: ನಗರವು ಗಂಗೆಯೂ ಇನ್ನೊಂದು ನದಿಯೂ ಕೂಡುವ ಸ್ಥಳದಲ್ಲಿದೆ. ಅದರ ಉದ್ದ ೮೦ ಸ್ಟೇಡಿಯ, ಅಗಲ ೧೫ ಸ್ಟೇಡಿಯ. ಸುತ್ತಲೂ ಮರದ ಗೋಡೆ. ಬಾಣ ಬಿಡುವುದಕ್ಕೆ ಅದರಲ್ಲಿ ರಂಧ್ರಗಳು. ಗೋಡೆಗೆ ೫೭೦ ಕೊತ್ತಳಗಳು, ೬೪ ಬಾಗಿಲುಗಳು. ಅದರ ಮುಂದೆ ಅಗಳು. ಅದು ರಕ್ಷಣೆಗೂ ಆಯಿತು, ಊರ ಕೊಳೆನೀರು ಹರಿಯುವುದಕ್ಕೂ ಆಯಿತು. ಎರಡನೆಯ ನದಿಯು ಶೋಣವೆಂಬುದರಲ್ಲಿ ಸಂದೇಹವಿಲ್ಲ. ಶೋಣದ ಉದ್ದಕ್ಕೂ ಪಾಟಲಿಪುತ್ರವು ಹಬ್ಬಿತ್ತೆಂಬುದಕ್ಕೆ ಪತಂಜಲಿಯ ಮಹಾಭಾಷ್ಯದ ಉದಾಹರಣೆಯೇ ಸಾಕ್ಷಿ. ಅನಂತರ ಆ ನದಿಯು ಪಶ್ಚಿಮಕ್ಕೆ ಸರಿದುಹೋಗಿದೆ.

ಈ ಅಂಕೆಗಳನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕುವುದು ವಾಡಿಕೆ. ಆದರೆ ಲೆಕ್ಕ ಹಾಕಿ ನೋಡಿದರೆ ಒಂದು ವಿಶೇಷವು ಕಾಣುತ್ತದೆ. ಉದ್ದವನ್ನೂ ಅಗಲವನ್ನೂ ಇಮ್ಮಡಿಸಿ ಕೂಡಿದರೆ ಸುತ್ತಳತೆ ೧೯೦ ಸ್ಟೇಡಿಯ. ೫೭೦ ಕೊತ್ತಳಗಳನ್ನು ೧೯೦ರಿಂದ ಭಾಗಿಸಿದರೆ ಶೇಷವಿಲ್ಲದೆ ಸ್ಟೇಡಿಯಕ್ಕೆ ಮೂರು ಬರುತ್ತವೆ. ಸ್ಟೇಡಿಯವೆಂದರೆ ೬೦೦ ಯವನ ಅಡಿ. ಆದುದರಿಂದ ಕೊತ್ತಳದಿಂದ ಕೊತ್ತಳಕ್ಕೆ ೨೦೦ ಅಡಿ. ಕೌಟಿಲ್ಯನು ಅಟ್ಟಾಲಕಗಳ ಅಂತರವನ್ನು ೩೦ ದಂಡವೆಂದು ವಿಧಿಸಿದ್ದಾನೆ. ೯೬ ಅಂಗುಲದ ಸಾಮಾನ್ಯ ದಂಡವನ್ನು ಹಿಡಿದು, ಅಂಗುಲಕ್ಕೆ ಮುಕ್ಕಾಲು ಇಂಚಿನಂತೆ ಎಣಿಸಿದರೆ ಇದು ೧೮೦ ಅಡಿಯಾಗುತ್ತದೆ. ಆದರೆ ಮಾನಗಳನ್ನು ಹೇಳುವ ಅಧ್ಯಾಯದಲ್ಲಿ ಅವನೇ ದಾರಿಗಳಿಗೂ ಪ್ರಾಕಾರಗಳಿಗೂ ೧೦೮ ಅಂಗುಲದ ಧನುಸ್ಸನ್ನು ಅಳತೆಯಾಗಿ ಬೇರೆ ಹೇಳಿದ್ದಾನೆ. ಅದನ್ನು ಹಿಡಿದರೆ ೨೦೨ ಅಡಿ ಚಿಲ್ಲರೆ. ದಂಡಶಬ್ದಕ್ಕೆ ಇಲ್ಲಿ ಯಾವ ಅಳತೆಯು ವಿವಕ್ಷಿತವೆಂಬ ವಾದವು ಹೇಗಾದರೂ ಇರಲಿ, ವಿರೋಧಿಗಳೆಂದು ನಾವು ಬಗೆದಿದ್ದ ಇಬ್ಬರು ಸಾಕ್ಷಿಗಳು ಕೊತ್ತಳಗಳ ಅಂತರದಲ್ಲಿ ಇಷ್ಟು ಸಮೀಪ ಬರುವುದನ್ನು ಕಾಕತಾಳೀಯವೆಂದು ಬಿಡುವುದು ಕಷ್ಟ. ಬಾಣದ ರಂಧ್ರಗಳ ವಿಷಯವೂ ಹಾಗೆಯೇ. ಅಟ್ಟಾಲಕಕ್ಕೂ ಪ್ರತೋಲಿಗೂ ನಡುವೆ ಮೂವರು ಬಿಲ್ಲಾಳುಗಳು ನಿಲ್ಲತಕ್ಕ ‘ಇಂದ್ರಕೋಶ’ವನ್ನು ರಂಧ್ರವುಳ್ಳ ಹಲಗೆಗಳಿಂದ ಮಾಡಿಸಬೇಕೆಂದು ಕೌಟಿಲ್ಯನ ಮಾತು. ಗೋಡೆಗೆ ಮರ ಬೇಡವೆಂದವನು ಅದೇ ಗೋಡೆಯ ಮೇಲೆ ಹಲಗೆಯನ್ನು ಒಪ್ಪಿದ್ದಾನೆ!

ಇನ್ನು ನೆಲದೊಳಗಿನ ಸಾಕ್ಷ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಾಡೆಲ್ ಎಂಬ ಆಂಗ್ಲ ವೈದ್ಯಾಧಿಕಾರಿಯು ಪಾಟ್ನಾ ನಗರದ ಸುತ್ತ ಹುಡುಕುತ್ತ, ನೆಲದ ಆಳದಲ್ಲಿ ಅಲ್ಲಲ್ಲಿ ದೊಡ್ಡ ದಿಮ್ಮಿಗಳಿರುವುದನ್ನು ಗಮನಿಸಿದನು. ಆಮೇಲೆ ಸ್ಪೂನರನು ರತನ್ ಟಾಟಾ ಅವರ ಧನಸಹಾಯದಿಂದ ೧೯೧೩ರಲ್ಲಿ ಕುಮ್ರಾಹಾರದಲ್ಲಿ ಅಗೆತವನ್ನಾರಂಭಿಸಿ, ಎಂಬತ್ತು ಕಂಬಗಳ ಮಂಟಪದ ನೆಲೆಯನ್ನೂ ಅದರ ದಕ್ಷಿಣಕ್ಕೆ ಸಾಲಮರದ ಏಳು ಜಗಲಿಗಳನ್ನೂ ಕಂಡನು. ಕೋಟೆಯ ವಿಷಯದಲ್ಲಿ ಮುಖ್ಯವಾದದ್ದು ಬುಲಂದಿಬಾಗ್ ಎಂಬ ಸ್ಥಳ. ಅಲ್ಲಿ ೧೯೨೬-೨೭ರ ಸುಮಾರಿಗೆ ಪೇಜ್ ಮತ್ತು ಮನೋರಂಜನ ಘೋಷ್ ಎಂಬವರು ಅಗೆದಾಗ, ನೆಟ್ಟಗೆ ನಿಂತ ಭಾರಿ ಮರಗಳ ಎರಡು ಸಾಲುಗಳು, ನಡುವೆ ಹತ್ತಕ್ಕೂ ಹೆಚ್ಚು ಅಡಿ ತೆರವನ್ನು ಬಿಟ್ಟುಕೊಂಡು, ಬಹುದೂರ ಒಂದೇ ಸಮನೆ ಹೋಗಿದ್ದುದು ಹೊರಬಿದ್ದಿತು. ಎರಡು ಸಾಲುಗಳ ನಡುವೆ ಕೆಳಗೆ ಮರವನ್ನೇ ಹಾಸಿದ್ದರು. ಆ ತೆರವಿನಲ್ಲಿ ಮಣ್ಣನ್ನು ತುಂಬಿದ್ದರೋ, ಅದು ಒಳದಾರಿಯಾಗಿದ್ದಿತೋ ಎಂಬಲ್ಲಿ ಅಭಿಪ್ರಾಯಭೇದಕ್ಕೆ ಎಡೆಯುಂಟು. ಇದು ನಗರದ ಮರದ ಕೋಟೆಯೇ ಎಂಬುದನ್ನು ಮಾತ್ರ ಬಹುಮಂದಿ ವಿದ್ವಾಂಸರು ಒಪ್ಪಿದ್ದಾರೆ. ಇಲ್ಲಿಯೂ ಮರವು ಸಾಲವೇ.

ಈಗ ಪೂರ್ವಪಕ್ಷವನ್ನು ನೋಡಬೇಕು. ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ಪ್ರತಿಯಿಂದ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿದ ಮೇಲೆ, ಅದು ಚಂದ್ರಗುಪ್ತನ ಕಾಲದ್ದೇ ಅಲ್ಲವೇ ಎಂಬ ವಿವಾದವು ಹುಟ್ಟಿತು. ಆಟೋ ಸ್ಟೈನ್ ಎಂಬ ಪಂಡಿತನು ೧೯೨೦ರ ದಶಕದ ಆದಿಯಲ್ಲಿ ಮೆಗಾಸ್ತನೀಸನನ್ನೂ ಕೌಟಿಲ್ಯನನ್ನೂ ಎದುರುಬದುರಾಗಿಟ್ಟು ಇಬ್ಬರಿಗೂ ಇರುವ ಭೇದಗಳನ್ನು ಎತ್ತಿ ತೋರಿಸಿದನು. ಇಂಥ ಭೇದಗಳಲ್ಲಿ ಮರದ ಕೋಟೆಯದು ಬಹು ಪ್ರಸಿದ್ಧವಾದದ್ದು. ಮರದ ಕೋಟೆಯೊಳಗೆ ವಾಸಿಸುತ್ತಿದ್ದ ಮಂತ್ರಿಯು ಮರದ ಕೋಟೆ ಕೂಡದೆಂದು ಬರೆಯುತ್ತಿರಲಿಲ್ಲ, ಆದುದರಿಂದ ಗ್ರಂಥವು ಬೇರೆ ಕಾಲದ್ದು ಎಂಬುದು ವಾದ.

ಮೀಮಾಂಸೆಯನ್ನು ಓದಿದವರಿಗೆ ಈ ವಾದದ ದೋಷವು ಕೂಡಲೆ ಕಾಣಬೇಕು. ನನಗೆ ಬಹುಕಾಲ ಕಾಣಲಿಲ್ಲವೆಂಬುದೇ ಆಶ್ಚರ್ಯ. ಪ್ರಾಪ್ತವಾದದ್ದಕ್ಕೇ ಪ್ರತಿಷೇಧ, ಎಲ್ಲಿಯೂ ಇಲ್ಲದ್ದನ್ನು ಯಾರೂ ನಿಷೇಧಿಸುವುದಿಲ್ಲ. ಅಂತರಿಕ್ಷದಲ್ಲಿ ಕೋಟೆ ಕಟ್ಟಬೇಡವೆಂದು ಕೌಟಿಲ್ಯನು ಹೇಳಲಿಲ್ಲ. ಮರದಿಂದ ಕಟ್ಟಬೇಡವೆಂದು, ಅದೂ ಒತ್ತಿ, ಕಾರಣವನ್ನು ಸೇರಿಸಿ ಹೇಳಿದ್ದಾನೆ. ಮರದ ಕೋಟೆಗಳು ಅವನ ಅನುಭವಕ್ಕೆ ಬಂದಿದ್ದವೆಂದೂ, ಅವು ಉರಿದುಹೋದದ್ದನ್ನು ಅವನು ಕಂಡೋ ಕೇಳಿಯೋ ಇದ್ದನೆಂದೂ ಇದರಿಂದ ಸಿದ್ಧವಾಗುತ್ತದೆ. ಹದಿಮೂರನೆಯ ಅಧಿಕರಣದಲ್ಲಿ ಶತ್ರುದುರ್ಗವನ್ನು ಸುಡುವ ಉಪಾಯಗಳನ್ನು ಅವನು ವಿವರಿಸುವ ಬಗೆಯನ್ನು ನೋಡಿದರೂ ಇದು ಸ್ಪಷ್ಟ. ಕೋಟೆಯೊಳಗೆ ಗೂಡು ಕಟ್ಟಿಕೊಂಡಿರುವ ಗಿಡುಗ, ಕಾಗೆ, ಗಿಣಿ, ಪಾರಿವಾಳಗಳನ್ನು ಹೊರಗೆ ಹಿಡಿಸಿ, ಬಾಲಕ್ಕೆ ಉರಿಯುವ ದ್ರವ್ಯವನ್ನು ಕಟ್ಟಿ ಬಿಡಬೇಕಂತೆ. ಅವು ಸಂಜೆ ಗೂಡಿಗೆ ಹಿಂದಿರುಗಿ ಊರನ್ನು ಉರಿಸುತ್ತವೆ. ಪರಾಕ್ರಮದಿಂದ ಗೆಲ್ಲಲು ಸಾಧ್ಯವಿದ್ದಾಗ ಬೆಂಕಿಯನ್ನು ಬಳಸಬಾರದು, ಅದು ನಂಬತಕ್ಕದ್ದಲ್ಲವೆಂದೂ ಅಲ್ಲಿಯೇ ಎಚ್ಚರಿಸಿದ್ದಾನೆ. ಹಾಗೆಂದು ಇಷ್ಟರಿಂದಲೇ ಅರ್ಥಶಾಸ್ತ್ರವು ಚಂದ್ರಗುಪ್ತನ ಕಾಲದ್ದೆಂದು ನಾನು ಹೇಳುವುದಿಲ್ಲ. ಭಾಷೆಯನ್ನೂ ರಚನೆಯನ್ನೂ ಪರೀಕ್ಷಿಸಿ ಅದು ಅನೇಕ ಕೈಗಳಿಂದ ಕಾಲಕ್ರಮದಲ್ಲಿ ಬೆಳೆದ ಗ್ರಂಥವೆಂದು ಟ್ರೌಟ್‌ಮನ್ (೧೯೭೧), ಒಲಿವೆಲ್ (೨೦೧೩) ಮೊದಲಾದವರು ತೋರಿಸಿರುವ ಯುಕ್ತಿಗಳಿಗೆ ಬೇರೆ ಉತ್ತರ ಬೇಕು. ಮರದ ಕೋಟೆಯನ್ನು ಮಾತ್ರ ಯಾವ ಪಕ್ಷದವರೂ ಸಾಕ್ಷಿಯಾಗಿ ಕರೆಯಲಾಗದು.

ಹಾಗಾದರೆ ಬೆಂಕಿಯ ಭಯವಿದ್ದೂ ಮರದಿಂದಲೇ ಏಕೆ ಕಟ್ಟಿದರು? ಇದಕ್ಕೆ ಅರಿಯನ್ನನೇ ಕಾರಣ ಕೊಟ್ಟಿದ್ದಾನೆ. ನದೀತೀರದಲ್ಲಿಯೂ ಸಮುದ್ರತೀರದಲ್ಲಿಯೂ ಇರುವ ಊರುಗಳನ್ನು ಮರದಿಂದ ಕಟ್ಟುತ್ತಾರೆ, ಮಳೆಗೂ ಹೊನಲಿಗೂ ಇಟ್ಟಿಗೆಯು ನಿಲ್ಲುವುದಿಲ್ಲ. ಎತ್ತರದ ಸ್ಥಳಗಳಲ್ಲಿ ಇಟ್ಟಿಗೆ ಮತ್ತು ಮಣ್ಣು ಎಂದು ಅವನ ಅಭಿಪ್ರಾಯ. ಇಲ್ಲಿ ಅವನು ಹೇಳುವುದು ಬಿಸಿಲಿನಲ್ಲಿ ಒಣಗಿಸಿದ ಹಸಿಯ ಇಟ್ಟಿಗೆಯಿರಬೇಕೆಂದು ನನ್ನ ಊಹೆ. ಕೌಟಿಲ್ಯನದು ಎಲ್ಲ ದುರ್ಗಗಳಿಗೂ ಸಲ್ಲುವ ಉತ್ಸರ್ಗವಿಧಿ. ಎರಡು ಮಹಾನದಿಗಳ ನಡುವೆ ಸಿಕ್ಕ ಪಾಟಲಿಪುತ್ರದ ನೆಲವು ಅದಕ್ಕೆ ಅಪವಾದ. ದೀಘನಿಕಾಯದ ಮಹಾಪರಿನಿಬ್ಬಾನಸುತ್ತದಲ್ಲಿ, ಮಗಧದ ಅಮಾತ್ಯರಾದ ಸುನೀಧ ವಸ್ಸಕಾರರು ಪಾಟಲಿಗ್ರಾಮದಲ್ಲಿ ಕೋಟೆಯನ್ನು ಕಟ್ಟಿಸುತ್ತಿರುವಾಗ, ಈ ನಗರಕ್ಕೆ ಬೆಂಕಿ, ನೀರು, ಒಳಜಗಳ ಎಂಬ ಮೂರು ಕಡೆಯಿಂದ ಅಪಾಯವಿದೆಯೆಂದು ಬುದ್ಧನು ನುಡಿದನೆಂದಿದೆ. ಒಳಜಗಳದ ಮಾತು ನಮ್ಮ ವಿಷಯಕ್ಕೆ ಹೊರಗಾದದ್ದು. ಉಳಿದೆರಡರಲ್ಲಿ ಒಂದನ್ನು ಕೌಟಿಲ್ಯನೂ ಇನ್ನೊಂದನ್ನು ಅರಿಯನ್ನನೂ ಹೇಳಿದಂತಾಯಿತು. ಇಟ್ಟಿಗೆಗೆ ನೀರು ಶತ್ರು, ಮರಕ್ಕೆ ಬೆಂಕಿ. ವರ್ಷವರ್ಷವೂ ತಪ್ಪದೆ ಬರುವ ಶತ್ರುವನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಂಡರು.

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಮರದ ಬೇಲಿಯು ಎಷ್ಟು ಕಾಲ ಬಾಳುತ್ತದೆ? ನಮ್ಮ ತಂದೆಯವರು ತೋಟದ ಬೇಲಿಯನ್ನು ಹೊಸದು ಮಾಡಿಸುವಾಗ ಕಿತ್ತುಹಾಕಿದ ಹಳೆಯ ಗೂಟಗಳನ್ನು ನೋಡಿದ ನೆನಪು ನನಗೆ ಇನ್ನೂ ಇದೆ. ನೆಲದ ಮೇಲಿದ್ದ ತುಂಡು ಗಟ್ಟಿಯಾಗಿರುತ್ತಿತ್ತು. ನೆಲದ ಆಳದಲ್ಲಿದ್ದ ತುದಿಯೂ ಅನೇಕ ವೇಳೆ ಗಟ್ಟಿಯೇ. ನೆಲಮಟ್ಟದಲ್ಲಿ ಒಂದು ಗೇಣು ಮಾತ್ರ ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಅದಕ್ಕಾಗಿಯೇ ಹೊಸ ಗೂಟದ ಬುಡವನ್ನು ನೆಲಮಟ್ಟಕ್ಕಿಂತ ಸ್ವಲ್ಪ ಮೇಲಿನವರೆಗೂ ಬೆಂಕಿಯಲ್ಲಿ ಕರಿಯಾಗಿಸಿ ನೆಡಿಸುತ್ತಿದ್ದರು. ಚೇಗಿಲ್ಲದ ಎಳೆಯ ಮರವನ್ನು ಗೂಟಕ್ಕೆ ಮುಟ್ಟಿಸುತ್ತಿರಲಿಲ್ಲ. ಇದರ ಕಾರಣವನ್ನು ಈಗಿನ ಶಾಸ್ತ್ರವು ಸ್ಪಷ್ಟವಾಗಿ ಹೇಳುತ್ತದೆ. ಮರವನ್ನು ಕೊಳೆಯಿಸುವ ಶಿಲೀಂಧ್ರಗಳಿಗೆ ನೀರೂ ಬೇಕು, ಗಾಳಿಯೂ ಬೇಕು. ಮೇಲಿನ ಭಾಗದಲ್ಲಿ ಗಾಳಿಯುಂಟು, ಸದಾ ತೇವವಿಲ್ಲ. ನೀರಿನೊಳಗೆ ಮುಳುಗಿದ ಭಾಗದಲ್ಲಿ ತೇವವುಂಟು, ಗಾಳಿಯಿಲ್ಲ. ಎರಡೂ ಸೇರುವುದು ನೆಲಮಟ್ಟದಲ್ಲಿ. ಗೆದ್ದಲಿಗೂ ಅದೇ ಹಾದಿ. ಭಾರತದಲ್ಲಿ ಮರಗಳ ಬಾಳಿಕೆಯನ್ನು ವರ್ಗೀಕರಿಸುವುದಕ್ಕೆ ಎರಡು ಅಡಿ ಉದ್ದ, ಎರಡು ಇಂಚು ದಪ್ಪದ ತುಂಡುಗಳನ್ನು ಅರ್ಧದವರೆಗೆ ನೆಲದಲ್ಲಿ ಹೂಳಿ ಪರೀಕ್ಷಿಸುತ್ತಾರೆ. ಸರಾಸರಿ ೧೨೦ ತಿಂಗಳು, ಎಂದರೆ ಹತ್ತು ವರ್ಷ, ತಡೆದದ್ದು ಮೊದಲನೆಯ ವರ್ಗ. ಸಾಲ, ತೇಗ ಎರಡೂ ಈ ವರ್ಗಕ್ಕೆ ಸೇರಿದವು. ವಿದ್ಯಾರ್ಥಿಯು ಹೇಳಿದ ಹತ್ತು ಮಳೆಗಾಲದ ಲೆಕ್ಕವು ಪರೀಕ್ಷಾಲಯದ ಲೆಕ್ಕಕ್ಕೆ ದೂರವಾಗಿರಲಿಲ್ಲ.

ದಪ್ಪನಾದ ದಿಮ್ಮಿಯು ಇದಕ್ಕಿಂತ ಹೆಚ್ಚು ಕಾಲ ನಿಲ್ಲುವುದು ಸಹಜ. ಆದರೂ ಎರಡು ಸಾವಿರದ ಮುನ್ನೂರು ವರ್ಷವೆಂದರೆ ಸಣ್ಣ ಮಾತಲ್ಲ. ಬುಲಂದಿಬಾಗಿನ ಮರಗಳು ಉಳಿದದ್ದು ಸಾಲದ ಗಟ್ಟಿತನವೊಂದರಿಂದಲೇ ಅಲ್ಲ. ನದಿಗಳ ಮೆಕ್ಕಲು ಅವುಗಳ ಬುಡವನ್ನು ಮುಚ್ಚಿ, ಅಂತರ್ಜಲವು ಅವನ್ನು ಸದಾ ನೆನೆಸಿ, ಗಾಳಿ ಸೋಕದಂತೆ ಕಾಪಾಡಿದುದರಿಂದ. ಯಾವ ನೀರಿನ ಭಯದಿಂದ ಮರದ ಕೋಟೆಯನ್ನು ಕಟ್ಟಿದರೋ ಆ ನೀರೇ ಅದನ್ನು ನಮಗೆ ಉಳಿಸಿಕೊಟ್ಟಿತು. ಇಲ್ಲಿ ಒಂದು ಎಚ್ಚರಿಕೆ ಬೇಕು. ಉಳಿಯುವುದು ಬೇರೆ, ಬಾಳುವುದು ಬೇರೆ. ಅಗೆದಾಗ ಸಿಕ್ಕಿದ್ದು ಕೋಟೆಯ ಪಾದ ಮಾತ್ರ; ಶತ್ರುವನ್ನು ತಡೆಯುತ್ತಿದ್ದ ಮೇಲಿನ ಗೋಡೆಯಲ್ಲ. ಪಾದವು ಇಂದಿಗೂ ಇದೆಯೆಂಬುದರಿಂದ ಗೋಡೆಯು ನೂರು ವರ್ಷ ನಿಂತಿತ್ತೆಂದು ಕೂಡ ಸಿದ್ಧವಾಗುವುದಿಲ್ಲ. ಈ ಭೇದವನ್ನು ಮರೆತು, ಪ್ರಾಚೀನರ ಮರಗೆಲಸವು ಎರಡು ಸಾವಿರ ವರ್ಷ ಬಾಳುವಂಥದೆಂದು ಕೊಂಡಾಡುವ ಬರಹಗಳನ್ನು ಓದಿದ್ದೇನೆ. ಅವು ಅಭಿಮಾನದ ಬರಹಗಳು, ವಿಚಾರದವಲ್ಲ.

ಮೇಲಿನ ಗೋಡೆಯನ್ನು ನಿಲ್ಲಿಸಿಕೊಂಡು ಬಂದದ್ದು ಆರೈಕೆ. ಅದರ ಭಾರವು ಎಷ್ಟಿದ್ದಿರಬಹುದೆಂಬುದಕ್ಕೆ ಒಂದು ಸ್ಥೂಲವಾದ ಊಹೆಯನ್ನು ಮಾಡಬಹುದು. ೧೯೦ ಸ್ಟೇಡಿಯವೆಂದರೆ ಹತ್ತಿರ ಹತ್ತಿರ ೨೨ ಮೈಲಿ, ಎಂದರೆ ಒಂದು ಲಕ್ಷದ ಹದಿನೈದು ಸಾವಿರ ಅಡಿ. ಎರಡು ಸಾಲುಗಳಲ್ಲಿಯೂ ಎರಡು ಅಡಿಗೊಂದು ಕಂಬವೆಂದಿಟ್ಟುಕೊಂಡರೆ ಕಂಬಗಳೂ ಒಂದು ಲಕ್ಷದ ಹದಿನೈದು ಸಾವಿರ. ಕಂಬವೊಂದಕ್ಕೆ ಮೂವತ್ತು ವರ್ಷದ ಆಯುಸ್ಸನ್ನು ಕೊಟ್ಟರೂ ಪ್ರತಿವರ್ಷ ಮೂರು ಸಾವಿರದ ಎಂಟುನೂರಕ್ಕೆ ಮೇಲ್ಪಟ್ಟು ಹೊಸ ಕಂಬಗಳನ್ನು ನೆಡಿಸಬೇಕು. ಅಂತರವೂ ಆಯುಸ್ಸೂ ನನ್ನ ಕಲ್ಪನೆ. ಯವನರ ಸುತ್ತಳತೆಯನ್ನು ಅರ್ಧಕ್ಕಿಳಿಸಿದರೂ ಕೆಲಸದ ಸ್ವರೂಪವು ಬದಲಾಗುವುದಿಲ್ಲ. ಅಡವಿಯ ಆಡಳಿತವಿಲ್ಲದೆ ಇಂಥ ಬೇಲಿಯು ಒಂದು ತಲೆಮಾರು ಕೂಡ ನಿಲ್ಲಲಾರದು. ಅರ್ಥಶಾಸ್ತ್ರದ ಕುಪ್ಯಾಧ್ಯಕ್ಷನ ಅಧಿಕಾರವನ್ನು ಓದುವಾಗ ಇದನ್ನು ನೆನೆಯಬೇಕು. ದ್ರವ್ಯವನಪಾಲರಿಂದ ಮರಮುಟ್ಟನ್ನು ತರಿಸುವುದು, ಅಡವಿಯನ್ನು ಕಡಿದವರಿಗೆ ದಂಡ ಹಾಕುವುದು ಅವನ ಕೆಲಸ. ಅಲ್ಲಿ ಎಣಿಸಿರುವ ಸಾರದಾರುಗಳಲ್ಲಿ ಶಾಕ ಮೊದಲನೆಯದು, ಸಾಲ, ಶಿಂಶಪಾ, ಖದಿರ, ಧವಗಳೂ ಸೇರಿವೆ. ಸಾಲವು ಮಗಧಕ್ಕೆ ಹತ್ತಿರದ ಕಾಡುಗಳ ಮರ. ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ ಅದು ಬೆಳೆಯುವುದಿಲ್ಲ, ಆದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಅದು ಕಾವ್ಯದ ಮರವಾಗಿಯೇ ಉಳಿದಿದೆ.

ಕೋಟೆಯನ್ನು ನೋಡಿಕೊಳ್ಳತಕ್ಕವನಾರೆಂಬುದೂ ಅಲ್ಲಿಯೇ ಇದೆ. ನಗರಾಧಿಕಾರಿಯಾದ ನಾಗರಿಕನು ನೀರಿನ ಸ್ಥಾನಗಳನ್ನೂ ದಾರಿಗಳನ್ನೂ ವಪ್ರಪ್ರಾಕಾರಗಳನ್ನೂ ನಿತ್ಯವೂ ತನಿಖೆ ಮಾಡತಕ್ಕದ್ದು. ‘ನಿತ್ಯ’ಶಬ್ದವನ್ನು ಗಮನಿಸಬೇಕು, ಮಾಸಕ್ಕೊಮ್ಮೆಯಲ್ಲ, ಸಂವತ್ಸರಕ್ಕೊಮ್ಮೆಯಲ್ಲ. ಮನುವಾದರೂ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಕಾರವನ್ನು ಒಡೆದವನನ್ನೂ ಅಗಳನ್ನು ತುಂಬಿದವನನ್ನೂ ಬಾಗಿಲನ್ನು ಮುರಿದವನನ್ನೂ ಗಡೀಪಾರು ಮಾಡಬೇಕೆನ್ನುತ್ತಾನೆ. ಬೆಂಕಿಯ ವಿಷಯದಲ್ಲಿ ನಾಗರಿಕನ ಅಧ್ಯಾಯವು ಇನ್ನೂ ವಿಸ್ತಾರವಾಗಿದೆ. ಬೇಸಗೆಯಲ್ಲಿ ಹಗಲಿನ ನಡುವಣ ಎರಡು ಭಾಗಗಳಲ್ಲಿ ಒಲೆ ಹೊತ್ತಿಸಿದರೆ ದಂಡ, ಅಡುಗೆಯೇನಿದ್ದರೂ ಹೊರಗೆ. ಮನೆಮನೆಯಲ್ಲಿಯೂ ನೀರಿನ ಕೊಡಗಳು, ದೋಣಿ, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಇರಬೇಕು. ಹುಲ್ಲು ಚಾಪೆಗಳ ಹೊದಿಕೆಯನ್ನು ತೆಗೆಯಿಸಬೇಕು. ಬೆಂಕಿಯಿಂದ ಜೀವಿಸುವ ಕಸಬಿನವರನ್ನು ಒಂದೇ ಕಡೆ ನೆಲೆಗೊಳಿಸಬೇಕು. ಬೀದಿಗಳಲ್ಲಿಯೂ ಚೌಕಗಳಲ್ಲಿಯೂ ಬಾಗಿಲುಗಳಲ್ಲಿಯೂ ಸಾವಿರಗಟ್ಟಲೆ ನೀರಿನ ಗಡಿಗೆಗಳನ್ನು ಸಾಲಾಗಿ ಇರಿಸಬೇಕು. ಬೆಂಕಿ ಬಿದ್ದಾಗ ಓಡಿಬಾರದ ಮನೆಯೊಡೆಯನಿಗೆ ೧೨ ಪಣ, ಬಾಡಿಗೆಯವನಿಗೆ ೬ ಪಣ. ಇಟ್ಟಿಗೆ ಕಲ್ಲುಗಳ ಊರಿಗೆ ಇಷ್ಟು ಕಟ್ಟುನಿಟ್ಟು ಏಕೆ? ಇದನ್ನು ಬರೆದವನು ಯಾರೇ ಆಗಲಿ, ಯಾವ ಕಾಲದವನೇ ಆಗಲಿ, ಮರದ ಊರಿನ ಹಗಲಿರುಳುಗಳನ್ನು ಬಲ್ಲವನೆಂದು ನನಗೆ ತೋರುತ್ತದೆ. ಕುಮ್ರಾಹಾರದಲ್ಲಿ ಸ್ಪೂನರನೂ, ೧೯೫೧ರಿಂದ ೧೯೫೫ರ ವರೆಗೆ ಅಲ್ಲಿ ಮತ್ತೆ ಅಗೆಯಿಸಿದ ಆಳ್ತೇಕರರೂ ಬೂದಿಯನ್ನು ಕಂಡಿರುವುದನ್ನು ನೋಡಿದರೆ, ಆ ಗಡಿಗೆಗಳ ನೀರು ಒಂದು ದಿನ ಸಾಲದೆ ಹೋಯಿತು.

ಆರೈಕೆಯ ಶ್ರಮದಿಂದ ತಪ್ಪಿಸಿಕೊಳ್ಳುವುದಕ್ಕೆ ಜನರು ಹಿಡಿದ ಇನ್ನೊಂದು ದಾರಿಯೂ ಉಂಟು; ಅದು ಮರದ ಬೇಲಿಯನ್ನೇ ಕಲ್ಲಿನಲ್ಲಿ ಕಡೆಯುವುದು. ಭರ್ಹುತ, ಸಾಂಚಿಗಳ ಸ್ತೂಪಗಳನ್ನು ಸುತ್ತಿದ ವೇದಿಕೆಗಳು ಬಡಗಿಯ ಕೆಲಸದ ಪ್ರತಿಬಿಂಬಗಳು. ನಿಂತ ಕಲ್ಲು ‘ಸ್ತಂಭ’. ಅದರ ತೂತಿನಲ್ಲಿ ತೂರಿಸಿದ ಅಡ್ಡಪಟ್ಟಿ ‘ಸೂಚಿ’. ಮೇಲೆ ಹೊದಿಸಿದ ತೊಲೆ ‘ಉಷ್ಣೀಷ’. ಕಲ್ಲಿಗೆ ಇಂಥ ಸೇರುವೆಯ ಅಗತ್ಯವಿಲ್ಲ. ಸೂಜಿಯಂತೆ ತೂರಿಸುವುದು ಮರದ ಧರ್ಮ. ದಾನ ಕೊಟ್ಟವರು ಒಂದೊಂದು ಕಂಬಕ್ಕೂ ಒಂದೊಂದು ಸೂಚಿಗೂ ತಮ್ಮ ಹೆಸರನ್ನು ಕೆತ್ತಿಸಿದ್ದಾರೆ. ಶಿಲ್ಪಿಗಳು ಮರದ ಬೇಲಿಯ ರೂಪವನ್ನೂ ಹೆಸರನ್ನೂ ಉಳಿಸಿಕೊಂಡು ಅದರ ನಶ್ವರತೆಯನ್ನು ಮಾತ್ರ ಬಿಟ್ಟರು.

ಪಾಟಲಿಪುತ್ರದ ಮರದ ಗೋಡೆಯ ಅಂತ್ಯವು ಯಾವಾಗ ಆಯಿತು? ಮಹಾಭಾಷ್ಯದಲ್ಲಿ ಆ ನಗರದ ಪ್ರಾಸಾದಗಳಂತೆ ಪ್ರಾಕಾರಗಳೂ ಉದಾಹೃತವಾಗಿರುವುದರಿಂದ ಕ್ರಿ. 



ಪೂ. ಎರಡನೆಯ ಶತಮಾನದಲ್ಲಿ ಅವು ಪ್ರಸಿದ್ಧವಾಗಿದ್ದವೆನ್ನಬಹುದು. ಯಾವ ದ್ರವ್ಯದವೆಂದು ಪತಂಜಲಿಯು ಹೇಳುವುದಿಲ್ಲ. ಗಾರ್ಗೀಯ ಜ್ಯೋತಿಷದೊಳಗಿನ ಯುಗಪುರಾಣದಲ್ಲಿ ಯವನರು ಪುಷ್ಪಪುರಕ್ಕೆ ನುಗ್ಗಿದ ಪ್ರಸಂಗವಿದೆ. ಅಲ್ಲಿ ಬರುವ ‘ಕರ್ದಮ’ಶಬ್ದಕ್ಕೆ ಕೆಲವರು ಮಣ್ಣಿನ ಕೋಟೆಯೆಂದು ಅರ್ಥಮಾಡಿದ್ದಾರೆ. ಈ ಅರ್ಥವು ನಿಂತರೆ, ಅಷ್ಟು ಹೊತ್ತಿಗೆ ಮರದ ಗೋಡೆಯು ಮಣ್ಣಿನ ದಿಣ್ಣೆಗೆ ಎಡೆಮಾಡಿಕೊಟ್ಟಿತ್ತೆಂದಾಗುತ್ತದೆ. ಆದರೆ ಕರ್ದಮವೆಂದರೆ ಕೆಸರೆಂಬುದು ರೂಢಿ, ಕೋಟೆಯೆಂಬ ಅರ್ಥವನ್ನು ಕೋಶಗಳಿಂದ ಹೊರಡಿಸುವುದು ನನಗೆ ಸುಲಭವಾಗಿ ತೋರುವುದಿಲ್ಲ. ಪಾಠವೂ ಆ ಭಾಗದಲ್ಲಿ ಬಹಳ ಕೆಟ್ಟಿದೆ. ಯುಗಪುರಾಣದ ಹಸ್ತಪ್ರತಿಗಳಲ್ಲಿ ಪರಿಶ್ರಮವುಳ್ಳ ವಿದ್ವಾಂಸರು ಈ ಶಬ್ದವನ್ನು ಕುರಿತು ತಮ್ಮ ಅಭಿಪ್ರಾಯವನ್ನು ಈ ಪತ್ರಿಕೆಯಲ್ಲಿ ತಿಳಿಸಬೇಕೆಂದು ಕೋರುತ್ತೇನೆ.